ತರಕಾರಿ ಬೀಜ ಯಾವಾಗ ಬಿತ್ತಬೇಕು? ಊರು ಬದಲಾದರೆ ತಿಂಗಳೂ ಬದಲಾಗುವುದೇಕೆ?

ಅಮೆರಿಕದ ನ್ಯೂಜೆರ್ಸಿಯಂಥ ಊರಿನಲ್ಲಿ ನೆಲೆಸಿರುವ ಕನ್ನಡಿಗರ ಹಿತ್ತಲಲ್ಲಿ ಕಾಣಸಿಗುವ ಕತೆ ಇದು. ಬೆಂಗಳೂರಿನಿಂದ ತರಿಸಿದ ಅವರೆ ಬೀಜವನ್ನು ಮೇ ತಿಂಗಳಲ್ಲಿ ಊರುತ್ತಾರೆ. ಬಳ್ಳಿ ಸೊಂಪಾಗಿ ಬೆಳೆದು ಬೇಲಿ ಹತ್ತಿ ಪಕ್ಕದ ಮನೆಯತ್ತ ಇಣುಕುತ್ತದೆ. ಜುಲೈ ಹೋಯಿತು, ಆಗಸ್ಟ್ ಹೋಯಿತು, ಒಂದು ಹೂವಿಲ್ಲ. ಗೊಬ್ಬರ ಹಾಕಿದರೆ ಬಳ್ಳಿ ಇನ್ನಷ್ಟು ಹಬ್ಬುತ್ತದೆ, ಅಷ್ಟೇ. ಕಡೆಗೂ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಹೂವು ಬಂತು, ಇನ್ನೇನು ಕಾಯಿ ಕಚ್ಚಬೇಕು ಎನ್ನುವಾಗ ಅಕ್ಟೋಬರಿನ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿ, ಬೆಳಗಾಗುವಷ್ಟರಲ್ಲಿ ಬಳ್ಳಿ ಕಪ್ಪಾಗಿ ಜೋತುಬಿದ್ದಿರುತ್ತದೆ. ‘ಬೀಜ ಸರಿಯಿಲ್ಲ, ಮುಂದಿನ ಸಲ ಬೇರೆ ಅಂಗಡಿಯದು ತರಿಸೋಣ’ ಎಂದು ತೀರ್ಮಾನವಾಗುತ್ತದೆ.

ಬೀಜದಲ್ಲಿ ಏನೂ ತಪ್ಪಿಲ್ಲ. ಅದು ತನ್ನ ಸ್ವಭಾವದಂತೆಯೇ ನಡೆದುಕೊಂಡಿದೆ.

ಹಿತ್ತಲಲ್ಲಿ ಹೀಗಾದರೆ ಹೋಗುವುದು ಒಂದು ಪೊಟ್ಟಣ ಬೀಜ, ಒಂದು ಬೇಸಿಗೆಯ ಆಸೆ. ಇದೇ ತಪ್ಪು ಒಂದು ಎಕರೆ ಹೂಕೋಸಿನಲ್ಲಿ ಆದರೆ ಒಂದು ಕುಟುಂಬದ ಹಂಗಾಮೇ ಹೋಗುತ್ತದೆ. ಆದ್ದರಿಂದ ‘ಯಾವ ತಿಂಗಳಲ್ಲಿ ಯಾವ ತರಕಾರಿ’ ಎಂಬ ಪಟ್ಟಿಗಳನ್ನು ನಾವು ಸ್ವಲ್ಪ ಅನುಮಾನದಿಂದಲೇ ನೋಡುತ್ತೇವೆ. ಇಂಥ ಪಟ್ಟಿ ಯಾವುದೋ ಒಂದು ಊರಿಗೆ ಸರಿಯಿರುತ್ತದೆ. ಆ ಊರು ಯಾವುದು ಎಂದು ಮಾತ್ರ ಪಟ್ಟಿಯಲ್ಲಿ ಬರೆದಿರುವುದಿಲ್ಲ. ಗಿಡಕ್ಕೆ ಜನವರಿ, ಫೆಬ್ರವರಿ ಗೊತ್ತಿಲ್ಲ. ಅದಕ್ಕೆ ಗೊತ್ತಾಗುವುದು ಮಣ್ಣಿನ ಬಿಸಿ, ರಾತ್ರಿಯ ತಂಪು, ಹಗಲಿನ ಉದ್ದ ಮತ್ತು ಬೇರಿನ ಸುತ್ತ ಇರುವ ನೀರು.

ಹಗಲಿನ ಉದ್ದವನ್ನು ಗಿಡ ಅಳೆಯುತ್ತದೆಯೇ?

ಅಳೆಯುತ್ತದೆ. ಇದನ್ನು ಮೊದಲು ಖಚಿತವಾಗಿ ತೋರಿಸಿಕೊಟ್ಟವರು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು, 1920ರಲ್ಲಿ. ಅವರ ಬಳಿ ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ಹೊಗೆಸೊಪ್ಪಿನ ತಳಿಯಿತ್ತು. ಬೇಸಿಗೆಯಲ್ಲಿ ಅದು ಆಳೆತ್ತರ ದಾಟಿ ಬೆಳೆಯುತ್ತಿತ್ತೇ ಹೊರತು ಹೂ ಬಿಡುತ್ತಿರಲಿಲ್ಲ. ಅದೇ ಗಿಡವನ್ನು ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬೆಳೆಸಿದರೆ ಹೂ ಬರುತ್ತಿತ್ತು. ಬಿಸಿ, ನೀರು, ಗೊಬ್ಬರ ಎಲ್ಲವನ್ನೂ ಬದಲಿಸಿ ನೋಡಿದ ಮೇಲೆ, ಬೇಸಿಗೆಯಲ್ಲೇ ಪ್ರತಿದಿನ ಸಂಜೆಯಾಗುವ ಮುಂಚೆ ಗಿಡಗಳನ್ನು ಕತ್ತಲೆಯ ಗೂಡಿಗೆ ಸೇರಿಸಿದರು. ಹೂವು ಬಂತು. ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಗಿಡಗಳಿವೆ ಎಂಬುದು ಹೀಗೆ ಸಾಬೀತಾಯಿತು. ಗಿಡ ನಿಜವಾಗಿ ಲೆಕ್ಕ ಇಡುವುದು ಹಗಲನ್ನಲ್ಲ, ಎಡೆಬಿಡದ ಕತ್ತಲೆಯನ್ನು ಎಂಬುದು ಮುಂದಿನ ಪ್ರಯೋಗಗಳಿಂದ ತಿಳಿಯಿತು. ಬೀದಿ ದೀಪದ ಪಕ್ಕದ ಸೋಯಾ ಸಾಲು ಉಳಿದ ಹೊಲಕ್ಕಿಂತ ತಡವಾಗಿ ಬಲಿಯುವುದಕ್ಕೂ ಇದೇ ಕಾರಣ.

ನಮ್ಮ ಸಾಂಪ್ರದಾಯಿಕ ಅವರೆ ಇದೇ ಗುಂಪಿನದು. ಹಳೆ ಮೈಸೂರು ಕಡೆ ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಬಿತ್ತುವ ಅವರೆ ಮಳೆಗಾಲವಿಡೀ ಬಳ್ಳಿ ಬೆಳೆಸಿ, ಹಗಲು ಕಿರಿದಾಗುತ್ತ ಬಂದಂತೆ ಹೂ ಬಿಟ್ಟು, ಡಿಸೆಂಬರ್–ಜನವರಿಯ ಚಳಿಗೆ ಸೊಗಡು ತುಂಬಿದ ಕಾಯಿ ಕೊಡುತ್ತದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಕಿರಿದಾದ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟು ಸಣ್ಣ ವ್ಯತ್ಯಾಸವನ್ನೂ ಅವರೆ ಗುರುತಿಸುತ್ತದೆ. ನ್ಯೂಜೆರ್ಸಿ ಇರುವುದು 40 ಡಿಗ್ರಿಯ ಆಸುಪಾಸಿನಲ್ಲಿ. ಜೂನ್‌ನಲ್ಲಿ ಅಲ್ಲಿ ಹಗಲು 15 ಗಂಟೆ. ಅದು 12 ಗಂಟೆಗಿಂತ ಕೆಳಗಿಳಿಯುವುದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಅವರೆಯ ಪಾಲಿಗೆ ಆಗ ಹೂ ಬಿಡುವ ಕಾಲ ಶುರು, ಆ ಊರಿನ ಪಾಲಿಗೆ ತೋಟ ಮುಗಿಸುವ ಕಾಲ.

ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ವಿಶ್ವವಿದ್ಯಾನಿಲಯ ಹೊರತಂದ ‘ಹೆಬ್ಬಾಳ ಅವರೆ–3’, ‘ಹೆಬ್ಬಾಳ ಅವರೆ–4’ ತಳಿಗಳಿಗೆ ಈ ಹಗಲಿನ ಲೆಕ್ಕ ಬೇಕಿಲ್ಲ. ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತವೆ. ಚಳಿಗಾಲವಲ್ಲದಿದ್ದರೂ ಮಾರುಕಟ್ಟೆಯಲ್ಲಿ ಅವರೆಕಾಯಿ ಕಾಣಲು ಇಂಥ ತಳಿಗಳೇ ಕಾರಣ. ಸೊಗಡು ಮಾತ್ರ ಹಳೆಯದರಷ್ಟಿಲ್ಲ ಎನ್ನುವವರ ಜೊತೆ ನಾವು ವಾದಕ್ಕಿಳಿಯುವುದಿಲ್ಲ.

ಈರುಳ್ಳಿಯದು ಇದರ ತಿರುಗಾಮುರುಗಾ. ಅದಕ್ಕೆ ಹಗಲಿನ ಉದ್ದ ಬೇಕಾಗುವುದು ಗೆಡ್ಡೆ ಕಟ್ಟಲು. ಯುರೋಪ್, ಉತ್ತರ ಅಮೆರಿಕದ ‘ಲಾಂಗ್ ಡೇ’ ತಳಿಗಳಿಗೆ ಸುಮಾರು 14 ಗಂಟೆ ಅಥವಾ ಇನ್ನೂ ಉದ್ದದ ಹಗಲು ಬೇಕು. ಕರ್ನಾಟಕದ ತುತ್ತತುದಿಯ ಬೀದರಿನಲ್ಲೂ ಹಗಲು 14 ಗಂಟೆ ಮುಟ್ಟುವುದಿಲ್ಲ. ಆನ್‌ಲೈನ್‌ನಲ್ಲಿ ಚಂದದ ಚಿತ್ರ ನೋಡಿ ವಿದೇಶಿ ಈರುಳ್ಳಿ ಬೀಜ ತರಿಸಿದರೆ ಸೊಪ್ಪು ಸಿಗುತ್ತದೆ, ಗೆಡ್ಡೆ ಸಿಗುವುದಿಲ್ಲ. ನಮ್ಮಲ್ಲಿ ಕಿರು ಹಗಲಿನ ತಳಿಗಳೇ ಆಗಬೇಕು.

ರಾತ್ರಿ ತಂಪಿರಬೇಕು, ಮಣ್ಣು ಬೆಚ್ಚಗಿರಬೇಕು

‘ಟೊಮೇಟೊ ಹೂ ಬಿಡುತ್ತದೆ, ಆದರೆ ಉದುರಿಹೋಗುತ್ತದೆ’ ಎಂಬ ದೂರು ಏಪ್ರಿಲ್–ಮೇ ತಿಂಗಳಲ್ಲಿ ಸಾಮಾನ್ಯ. ಮಜ್ಜಿಗೆ ಸಿಂಪಡಿಸಿ, ಇಂಗು ಹಾಕಿ ಎಂಬ ಸಲಹೆಗಳೂ ಜೊತೆಗೇ ಬರುತ್ತವೆ. ಹೂ ಉದುರಲು ನೀರಿನ ಏರುಪೇರು, ಪೋಷಕಾಂಶದ ಕೊರತೆಯಂಥ ಬೇರೆ ಕಾರಣಗಳೂ ಇರಬಹುದು. ಆದರೆ ಬೇಸಿಗೆಯಲ್ಲಿ ಮೊದಲು ನೋಡಬೇಕಾದ್ದು ತಾಪಮಾನ. ಟೊಮೇಟೊ ಚೆನ್ನಾಗಿ ಕಾಯಿ ಕಚ್ಚಲು ರಾತ್ರಿಯ ತಾಪ ಸುಮಾರು 15ರಿಂದ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24–25 ಡಿಗ್ರಿಗಿಂತ ಇಳಿಯದಿದ್ದರೆ ಪರಾಗ ಕೆಡುತ್ತದೆ. ಪರಾಗಸ್ಪರ್ಶವಾಗದ ಹೂವನ್ನು ಗಿಡ ಕಳಚಿ ಹಾಕುತ್ತದೆ. ಅದಕ್ಕೆ ಇಂಗು ಏನು ಮಾಡೀತು? ಕೋಲಾರದಲ್ಲಿ ಸಲೀಸಾಗಿ ಬರುವ ಟೊಮೇಟೊ ಮಂಗಳೂರಿನ ತಾರಸಿಯಲ್ಲಿ ಸತಾಯಿಸುವುದಕ್ಕೆ ರಾತ್ರಿಯ ಸೆಕೆ ಒಂದು ದೊಡ್ಡ ಕಾರಣ.

ಹೂಕೋಸಿನ ವಿಷಯ ಇನ್ನೂ ಸೂಕ್ಷ್ಮ. ನಾವು ತಿನ್ನುವ ಬಿಳಿಯ ಗಡ್ಡೆ ಕಟ್ಟಲು ಗಿಡಕ್ಕೆ ಒಂದು ಮಟ್ಟದ ತಂಪು ತಾಗಬೇಕು. ಎಷ್ಟು ತಂಪು ಎಂಬುದು ತಳಿಯಿಂದ ತಳಿಗೆ ಬೇರೆ. ಭಾರತದ ‘ಅರ್ಲಿ’ ತಳಿಗಳು 20ರಿಂದ 27 ಡಿಗ್ರಿಯಲ್ಲೇ ಗಡ್ಡೆ ಕಟ್ಟುತ್ತವೆ. ‘ಸ್ನೋಬಾಲ್’ ಗುಂಪಿನ ತಡ ತಳಿಗಳಿಗೆ 10ರಿಂದ 16 ಡಿಗ್ರಿ ಬೇಕು. ಅರ್ಲಿ ತಳಿಯನ್ನು ತಡವಾಗಿ, ಚಳಿ ಶುರುವಾದ ಮೇಲೆ ಬಿತ್ತಿದರೆ ಗಿಡ ಎಳೆಯದಿರುವಾಗಲೇ ಗುಂಡಿಯಷ್ಟು ಗಡ್ಡೆ ಬಿಟ್ಟು ಕೈಚೆಲ್ಲುತ್ತದೆ. ತಡ ತಳಿಯನ್ನು ಬೇಗ ಬಿತ್ತಿದರೆ ಬರೀ ಎಲೆ ಬೆಳೆಯುತ್ತ ಕೂರುತ್ತದೆ. ಎರಡರಲ್ಲೂ ಬೈಸಿಕೊಳ್ಳುವುದು ಬೀಜದ ಅಂಗಡಿಯವರು. ಆದ್ದರಿಂದ ಹೂಕೋಸು ಕೊಳ್ಳುವಾಗ ‘ಯಾವ ಕಂಪನಿ’ ಎನ್ನುವುದಕ್ಕಿಂತ ಮುಂಚೆ ‘ಯಾವ ಕಾಲದ ತಳಿ’ ಎಂದು ಕೇಳಿ. ಮೂಲಂಗಿಯಲ್ಲೂ ಇದೇ ಭೇದವಿದೆ: ‘ಪೂಸಾ ಚೇತಕಿ’ ಬಿಸಿಗೂ ಒಗ್ಗುವ ತಳಿ, ಚಳಿ ದೇಶದ ತಳಿಗಳು ಹಾಗಲ್ಲ. ಕ್ಯಾರೆಟ್‌ನಲ್ಲಿ ‘ಪೂಸಾ ಕೇಸರ್’ ಬಯಲಿನ ಬಿಸಿಗೆ ಹೊಂದುತ್ತದೆ, ‘ನಾಂಟೆಸ್’ ತಂಪು ಬಯಸುತ್ತದೆ.

ಇನ್ನು ಮಣ್ಣಿನ ಬಿಸಿ. ಬೆಂಡೆ ಬೀಜಕ್ಕೆ 25 ಡಿಗ್ರಿಗಿಂತ ಬೆಚ್ಚಗಿನ ಮಣ್ಣು ಹಿತ. 17 ಡಿಗ್ರಿಗಿಂತ ತಣ್ಣಗಿದ್ದರೆ ಮೊಳೆಯುವ ಮೊದಲೇ ಕೊಳೆಯುವುದುಂಟು. ಲೆಟ್ಯೂಸ್ ಇದಕ್ಕೆ ತದ್ವಿರುದ್ಧ. ಮಣ್ಣು 30 ಡಿಗ್ರಿ ದಾಟಿದರೆ ಅದರ ಎಷ್ಟೋ ತಳಿಗಳ ಬೀಜ ಮೊಳೆಯಲು ಒಪ್ಪುವುದೇ ಇಲ್ಲ. ಅದು ಸತ್ತಿರುವುದಿಲ್ಲ, ಮಲಗಿರುತ್ತದೆ.

ನಮ್ಮಲ್ಲೇ ನಾಲ್ಕು ಹವೆ

ಕರಾವಳಿಯಲ್ಲಿ ಕಾಲ ನಿರ್ಧರಿಸುವುದು ಮಳೆ. ಮಂಗಳೂರಿನ ಸರಾಸರಿ ವಾರ್ಷಿಕ ಮಳೆ 3,500 ಮಿಲಿಮೀಟರ್ ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತುಳುನಾಡಿನಲ್ಲಿ ಮೇ 24ರ ಆಸುಪಾಸಿಗೆ ಬರುವ ಪತ್ತನಾಜೆಯ ಹೊತ್ತಿಗೆ ತರಕಾರಿ ಬೀಜ ಹಾಕುವ ರೂಢಿಯಿದೆ. ಇದು ಬರೀ ಸಂಪ್ರದಾಯವಲ್ಲ, ಒಳ್ಳೆಯ ಲೆಕ್ಕಾಚಾರ. ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಮೊದಲ ಹನಿಗಳಿಗೆ ಬೀಜ ಮೊಳೆತು, ಜಡಿಮಳೆ ಹಿಡಿಯುವಷ್ಟರಲ್ಲಿ ಸಸಿಗೆ ನಾಲ್ಕು ಎಲೆ ಬಂದಿರುತ್ತದೆ. ಹೀರೆ, ಪಡವಲ, ಮುಳ್ಳುಸೌತೆ, ಬೆಂಡೆ, ಅಲಸಂಡೆಗೆ ಇದು ಕಾಲ. ನೀರು ನಿಲ್ಲದಂತೆ ಒಂದಡಿ ಎತ್ತರದ ಏರುಮಡಿ ಮಾಡದಿದ್ದರೆ ಎಲ್ಲವೂ ವ್ಯರ್ಥ. ಬದನೆ, ಟೊಮೇಟೊ, ಮೆಣಸಿನ ಗಿಡ ನೆಡುವುದು ಮಳೆ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಉಡುಪಿಯ ಮಟ್ಟು ಗುಳ್ಳವನ್ನೂ ಭತ್ತದ ಕೊಯ್ಲಾದ ಗದ್ದೆಯಲ್ಲಿ ಆಗಲೇ ನೆಡುತ್ತಾರೆ. ಮಂಗಳೂರು ಸೌತೆ ಗದ್ದೆಗಿಳಿಯುವುದು ಇನ್ನೂ ತಡವಾಗಿ, ಬೇಸಿಗೆಯ ಬೆಳೆಯಾಗಿ. ಕರಾವಳಿ ಮತ್ತು ಮಲೆನಾಡಿನ ಹುಳಿಮಣ್ಣಿನಲ್ಲಿ ಬದನೆ, ಟೊಮೇಟೊ ಗಿಡ ಹಸಿರಿರುವಾಗಲೇ ಒಂದೇ ದಿನದಲ್ಲಿ ಬಾಡಿ ಬಿದ್ದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗವಿರಬಹುದು. ನೀರು ಹಾಕಿ ಉಳಿಸಲಾಗದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ನಂಥ ನಿರೋಧಕ ತಳಿಗೆ ಹೋಗುವುದು ಜಾಣತನ.

ಮಲೆನಾಡಿನಲ್ಲೂ ಹೆಚ್ಚುಕಡಿಮೆ ಇದೇ ಕ್ರಮ, ಆದರೆ ಮೋಡದಿಂದ ಬಿಸಿಲಿನ ಕೊರತೆ ಹೆಚ್ಚು. ಮಳೆಗಾಲದಲ್ಲಿ ಸೌತೆ, ಕೆಸು, ಗೆಡ್ಡೆಗಳಿಗೆ ಸಮಾಧಾನಪಟ್ಟು ಉಳಿದದ್ದನ್ನು ಅಕ್ಟೋಬರಿಗೆ ಇಟ್ಟುಕೊಳ್ಳುವುದು ಲೇಸು.

ಬೆಂಗಳೂರು, ಕೋಲಾರ, ಮೈಸೂರು, ಹಾಸನದ ಪ್ರಸ್ಥಭೂಮಿಯವರು ಅದೃಷ್ಟವಂತರು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ, ಏಪ್ರಿಲ್ ಹಗಲು ಸಾಮಾನ್ಯವಾಗಿ 34ರ ಆಸುಪಾಸು. ಹೀಗಾಗಿ ಏನಾದರೊಂದು ತರಕಾರಿ ವರ್ಷವಿಡೀ ಬರುತ್ತದೆ. ಕ್ಯಾರೆಟ್, ಬೀಟ್‌ರೂಟ್, ಕೋಸು, ಬಟಾಣಿಯನ್ನು ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಬಿತ್ತಿದರೆ ಚಳಿಯ ಪೂರ್ತಿ ಲಾಭ ಸಿಗುತ್ತದೆ. ಬೇಸಿಗೆಯ ಟೊಮೇಟೊಗೆ ಇಲ್ಲಿ ಸೆಕೆಗಿಂತ ದೊಡ್ಡ ಶತ್ರು ಬಿಳಿನೊಣ, ಅದು ಹರಡುವ ಎಲೆ ಮುದುರು ರೋಗ.

ರಾಯಚೂರು, ಕಲಬುರಗಿ ಕಡೆ ಮಾತು ಬೇರೆ. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲಲ್ಲಿ ಎಳೆ ಸಸಿ ಉಳಿಸಲು ಹೋಗುವುದೇ ಬೇಡ. ಬದನೆ, ಮೆಣಸಿನಕಾಯಿ ಒಟ್ಲು ಹಾಕುವುದು ಜೂನ್‌ನಲ್ಲಿ, ನಾಟಿ ಜುಲೈನಲ್ಲಿ. ಮೂಲಂಗಿ, ಕ್ಯಾರೆಟ್, ಮೆಂತ್ಯ, ಪಾಲಕ್ ಅಕ್ಟೋಬರ್–ನವೆಂಬರ್‌ನಲ್ಲಿ. ಎರೆಮಣ್ಣು ಮಳೆಯಲ್ಲಿ ಅಂಟಾಗಿ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುವುದರಿಂದ ಗೆಡ್ಡೆ ತರಕಾರಿಗಾಗಿ ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೆರೆಸಬೇಕು. ಬೆಳಗಾವಿ, ಧಾರವಾಡದ ಹವೆ ಇದಕ್ಕಿಂತ ಮೃದು. ಅಲ್ಲಿಯವರು ಪ್ರಸ್ಥಭೂಮಿಯ ಕ್ರಮವನ್ನೇ ಹೆಚ್ಚುಕಡಿಮೆ ಅನುಸರಿಸಬಹುದು.

ಹೊರನಾಡಿನ ಕನ್ನಡಿಗರಿಗೆ ಮೂರು ಮಾತು. ಅಮೆರಿಕ, ಬ್ರಿಟನ್‌ಗಳಲ್ಲಿ ಕೊನೆಯ ಹೆಪ್ಪುಗಟ್ಟುವ ಇಬ್ಬನಿ, ಅಂದರೆ ‘ಲಾಸ್ಟ್ ಫ್ರಾಸ್ಟ್’, ನಿಮ್ಮ ಊರಿನಲ್ಲಿ ಯಾವಾಗ ಎಂದು ಮೊದಲು ತಿಳಿದುಕೊಳ್ಳಿ. ಟೊಮೇಟೊ, ಮೆಣಸಿನಕಾಯಿ ಬೀಜವನ್ನು ಅದಕ್ಕಿಂತ 6–8 ವಾರ ಮುಂಚೆ ಮನೆಯೊಳಗೆ ಹಾಕಿ, ಆ ದಿನ ಕಳೆದ ಮೇಲಷ್ಟೇ ಸಸಿಯನ್ನು ಹೊರಗೆ ನೆಡಬೇಕು. ದುಬೈ, ಅಬುಧಾಬಿಯಲ್ಲಿ ತೋಟದ ಕಾಲವೆಂದರೆ ಅಕ್ಟೋಬರಿನಿಂದ ಏಪ್ರಿಲ್. ಬೇಸಿಗೆ ಅಲ್ಲಿ ರಜೆ. ಆಸ್ಟ್ರೇಲಿಯಾದಲ್ಲಿ ಎಲ್ಲವೂ ಆರು ತಿಂಗಳು ಆಚೀಚೆ. ಮೆಲ್ಬರ್ನ್‌ನವರು ನವೆಂಬರಿನ ಮೊದಲ ಮಂಗಳವಾರ ನಡೆಯುವ ಕುದುರೆ ಜೂಜಿನ ದಿನ ಟೊಮೇಟೊ ನೆಡುವ ರೂಢಿ ಇಟ್ಟುಕೊಂಡಿದ್ದಾರೆ. ಅವರಿಗೂ ಒಂದು ಪತ್ತನಾಜೆ ಇದೆ ಅನ್ನಿ.

ನೆಡುವುದು ಹೇಗೆ?

ಬೀಜ ಎಷ್ಟು ದಪ್ಪವೋ ಅದರ ಎರಡು–ಮೂರು ಪಟ್ಟು ಆಳ ಸಾಕು. ಮೊಳೆಯದ ಬೀಜಗಳಲ್ಲಿ ಎಷ್ಟೋ ಆಳಕ್ಕೆ ಹೋಗಿ ಮೇಲೆ ಬರಲಾರದೆ ಸತ್ತವು. ಹರಿವೆ, ಕ್ಯಾರೆಟ್‌ನಂಥ ಸಣ್ಣ ಬೀಜವನ್ನು ಒಣ ಮರಳಿನ ಜೊತೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿದರಾಯಿತು. ಕ್ಯಾರೆಟ್, ಮೂಲಂಗಿ, ಬೀನ್ಸ್, ಬೆಂಡೆ ಮತ್ತು ಬಳ್ಳಿ ತರಕಾರಿಗಳನ್ನು ನೇರವಾಗಿ ಜಾಗದಲ್ಲೇ ಬಿತ್ತಬೇಕು. ಕ್ಯಾರೆಟ್ ಸಸಿ ಕಿತ್ತು ನೆಟ್ಟರೆ ಬೇರು ಕವಲೊಡೆಯುತ್ತದೆ. ಟೊಮೇಟೊ, ಬದನೆ, ಮೆಣಸಿನಕಾಯಿ, ಕೋಸುಗಳಿಗೆ ಒಟ್ಲು ಬೇಕು. ಮೊಳಕೆ ಕಾಣಿಸಿದ ದಿನವೇ ಒಟ್ಲಿನ ಮೇಲಿನ ಹುಲ್ಲಿನ ಹೊದಿಕೆ ತೆಗೆಯಿರಿ, ಇಲ್ಲವಾದರೆ ಸಸಿ ಬೆಳಕು ಹುಡುಕುತ್ತ ಬಳುಕಿ ಬೀಳುತ್ತದೆ. ಟೊಮೇಟೊ 25–30 ದಿನಕ್ಕೆ, ಮೆಣಸಿನಕಾಯಿ 35–45 ದಿನಕ್ಕೆ ನಾಟಿಗೆ ಬರುತ್ತದೆ. ಕೀಳುವ ಕೆಲವು ದಿನ ಮುಂಚಿನಿಂದ ನೀರು ಕಡಿಮೆ ಮಾಡಿ, ಸಂಜೆ ಹೊತ್ತು ನೆಡಿ. ಟೊಮೇಟೊದ ಕಾಂಡದಿಂದಲೂ ಬೇರು ಬರುತ್ತದೆ, ಹಾಗಾಗಿ ಅದನ್ನು ಸ್ವಲ್ಪ ಆಳಕ್ಕೆ ನೆಡಬಹುದು.

ಬಿತ್ತುವ ಮುಂಚೆ 20 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆ ನೋಡಿ. ಎಂಟು–ಹತ್ತು ಮಾತ್ರ ಮೊಳೆತರೆ ಬೀಜ ಹಳತಾಗಿದೆ. ಈರುಳ್ಳಿ ಬೀಜ ಒಂದೆರಡು ವರ್ಷದಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನೊಂದು ಎಚ್ಚರ: ಪೊಟ್ಟಣದ ಬೀಜ ಗುಲಾಬಿ, ನೀಲಿ ಅಥವಾ ಹಸಿರು ಬಣ್ಣದ್ದಾಗಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುವ ಸಾಧ್ಯತೆ ಹೆಚ್ಚು. ಬಟಾಣಿ, ಜೋಳದಂಥ ಬೀಜ ಉಳಿಯಿತೆಂದು ಅಡುಗೆಗೆ ಹಾಕಬೇಡಿ, ಕೋಳಿಗೂ ಹಾಕಬೇಡಿ. ಬಿತ್ತಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮಕ್ಕಳಿಂದ ಬಿತ್ತಿಸುವುದಿದ್ದರೆ ಬಣ್ಣವಿಲ್ಲದ ಬೀಜ ಕೊಡಿ.

ಹುಣ್ಣಿಮೆ ನೋಡಿ ಬಿತ್ತಬೇಕೆ?

ಶುಕ್ಲಪಕ್ಷದಲ್ಲಿ ಕಾಯಿ ತರಕಾರಿ, ಕೃಷ್ಣಪಕ್ಷದಲ್ಲಿ ಗೆಡ್ಡೆ ಎಂಬ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಯುರೋಪಿನಲ್ಲೂ ಇದೆ. ಚಂದ್ರ ಸಮುದ್ರದ ನೀರನ್ನೇ ಎಳೆಯುವಾಗ ಗಿಡದ ರಸವನ್ನು ಎಳೆಯನೇ ಎಂಬುದು ವಾದ. ಉಬ್ಬರವಿಳಿತ ಆಗುವುದು ಸಾವಿರಾರು ಕಿಲೋಮೀಟರ್ ಹರಡಿದ ಸಾಗರದ ಒಂದು ತುದಿಗೂ ಇನ್ನೊಂದು ತುದಿಗೂ ಸೆಳೆತದಲ್ಲಿರುವ ವ್ಯತ್ಯಾಸದಿಂದ. ಒಂದಡಿ ಗಿಡದ ಮೇಲ್ತುದಿಗೂ ಬುಡಕ್ಕೂ ಆ ವ್ಯತ್ಯಾಸ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಹುಣ್ಣಿಮೆಯ ಬೆಳಕು ಅರ್ಧ ಲಕ್ಸ್ ಕೂಡ ಇರುವುದಿಲ್ಲ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ತಿಥಿ ನೋಡಿ ಬಿತ್ತಿದರೆ ಇಳುವರಿ ಹೆಚ್ಚುತ್ತದೆ ಎಂಬುದಕ್ಕೆ ನಂಬಬಹುದಾದ ಪುರಾವೆ ಇಲ್ಲ. ತೊಂದರೆಯಾಗುವುದು ಯಾವಾಗೆಂದರೆ, ಹದ ಮಳೆ ಬಿದ್ದ ಮರುದಿನ ಬಿತ್ತದೆ ತಿಥಿಗಾಗಿ ವಾರ ಕಾದಾಗ. ಅಷ್ಟರಲ್ಲಿ ಮಣ್ಣಿನ ಹದ ಹೋಗಿರುತ್ತದೆ.

ಆದರೆ ಇದೇ ಮಾತನ್ನು ನಮ್ಮ ಮಳೆ ನಕ್ಷತ್ರಗಳ ಬಗ್ಗೆ ಹೇಳಲಾಗದು. ರೋಹಿಣಿ, ಮೃಗಶಿರ, ಆರಿದ್ರ ಮಳೆ ಎಂದು ಅಜ್ಜಂದಿರು ಎಣಿಸುವುದು ಸೂರ್ಯನ ಲೆಕ್ಕ. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವಾಗ ಒಂದೊಂದಕ್ಕೆ 13–14 ದಿನ. ಹೀಗಾಗಿ ರೋಹಿಣಿ ಮಳೆ ವರ್ಷವೂ ಮೇ ಕೊನೆಯ ವಾರಕ್ಕೇ ಶುರು. ಇದು ಭವಿಷ್ಯವಲ್ಲ, ವರ್ಷವನ್ನು ಎರಡೆರಡು ವಾರದ ತುಂಡು ಮಾಡಿಕೊಂಡ ಕೃಷಿ ಕ್ಯಾಲೆಂಡರ್. ಆ ನಕ್ಷತ್ರ ಮಳೆ ತರುತ್ತದೆ ಎಂದು ತಿಳಿಯದೆ, ಆ ಹೊತ್ತಿಗೆ ಈ ಊರಿನಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ ಎಂದು ಓದಿಕೊಂಡರೆ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಊರು ಬಿಟ್ಟು ಊರಿಗೆ ಹೋದಾಗ ಮಾತ್ರ ಅದನ್ನು ಜೊತೆಗೆ ಒಯ್ಯಬಾರದು.

ಹಾಗಾದರೆ ನ್ಯೂಜೆರ್ಸಿಯ ಅವರೆಗೆ ಏನು ಮಾಡಬೇಕು? ಸುಲಭದ ದಾರಿ, ಹಗಲಿನ ಲೆಕ್ಕ ಕೇಳದ ಗಿಡ್ಡ ತಳಿಯ ಬೀಜ. ಅದನ್ನು ಒಯ್ಯುವ ಮುನ್ನ ಆ ದೇಶದ ನಿಯಮ ನೋಡಿಕೊಳ್ಳಿ. ಬೀಜವನ್ನು ಬ್ಯಾಗಿನಲ್ಲಿ ಅಡಗಿಸಿ ತರುವುದು ಅಲ್ಲಿ ಅಪರಾಧ. ಹಳೆಯ ಸೊಗಡೇ ಬೇಕೆಂದು ಹಟವಿದ್ದರೆ ಗಾರ್ನರ್ ಮತ್ತು ಅಲ್ಲಾರ್ಡ್ ಮಾಡಿದ್ದನ್ನೇ ಮಾಡಬಹುದು. ಅವರೆಯನ್ನು ದೊಡ್ಡ ಕುಂಡದಲ್ಲಿ ಬೆಳೆಸಿ, ತುದಿ ಚಿವುಟುತ್ತ ಗಿಡ್ಡವಾಗಿಟ್ಟುಕೊಂಡು, ಜುಲೈ ಕೊನೆಯಿಂದ ದಿನವೂ ಸಂಜೆ ಆರಕ್ಕೆ ಕುಂಡವನ್ನು ಬೆಳಕು ನುಸುಳದ ಗ್ಯಾರೇಜಿಗೆ ಸೇರಿಸಿ ಬೆಳಿಗ್ಗೆ ಎಂಟಕ್ಕೆ ಹೊರಗಿಡಬೇಕು. ಹೂಮೊಗ್ಗು ಕಾಣಿಸುವವರೆಗೆ ಒಂದು ದಿನವೂ ತಪ್ಪಿಸಬಾರದು, ನಡುರಾತ್ರಿ ಗ್ಯಾರೇಜಿನ ದೀಪ ಹಾಕಲೂಬಾರದು.